ಚಪ್ಪರ ಹಾಕುವ ಹಕ್ಕಿ, ಮನೆ ಕಟ್ಟುವ ಹಕ್ಕಿ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುವಾಗ ನಾವು ಎರಡು ಬೇರೆ ಬೇರೆ ಕಷ್ಟಗಳನ್ನು ಲೆಕ್ಕ ಹಾಕುತ್ತಿರುತ್ತೇವೆ. ಗೀಜಗದ ಗಂಡಿಗೆ ಅವೆರಡೂ ಒಂದೇ ಕೆಲಸ. ಮನೆ ಕಟ್ಟದೆ ಅದಕ್ಕೆ ಮದುವೆಯಿಲ್ಲ. ಕಟ್ಟಿದ ಮನೆ ಹೆಣ್ಣಿನ ಮನಸ್ಸಿಗೆ ಬಾರದಿದ್ದರೆ ಪಟ್ಟ ಪಾಡೆಲ್ಲ ವ್ಯರ್ಥ, ಮತ್ತೆ ಮೊದಲ ಎಳೆಯಿಂದ ಶುರು ಮಾಡಬೇಕು.

ಬಂಗಾರಪೇಟೆಯಿಂದ ಮಾರಿಕುಪ್ಪಕ್ಕೆ ಹೋಗುವ ರೈಲಿನಲ್ಲಿ ಮುಂಗಾರು ಕಳೆದ ಮೇಲೆ ಕಿಟಕಿ ಪಕ್ಕ ಕೂತವರಿಗೆ ಈ ಮನೆಗಳು ಹೊಸತಲ್ಲ. ಕೋಲಾರದ ಚಿನ್ನದ ಗಣಿಗಾಗಿಯೇ ಹಾಕಿದ ಹಳಿ ಇದು. ಕೋರಮಂಡಲ್, ಊರಿಗಾಂ, ಚಾಂಪಿಯನ್, ಮಾರಿಕುಪ್ಪಂ ಎಂದು ನಿಲ್ದಾಣಗಳ ಹೆಸರಿನಲ್ಲೇ ಗಣಿಯ ಚರಿತ್ರೆ ಇದೆ. ಒಂದು ಕಡೆ ಚಿನ್ನ ತೆಗೆದುಳಿದ ಮಣ್ಣಿನ ಸೈನೈಡ್ ದಿಬ್ಬಗಳು, ಬಳ್ಳಾರಿ ಜಾಲಿಯ ಪೊದೆ. ಇನ್ನೊಂದು ಕಡೆ ರಾಗಿ ಹೊಲ, ಹಳೆಯ ತೆರೆದ ಬಾವಿ, ಬಾವಿಯ ಅಂಚಿಗೆ ವಾಲಿದ ಈಚಲ ಮರ. ಆ ಈಚಲ ಗರಿಗಳ ತುದಿಯಲ್ಲಿ ಗೂಡುಗಳು ಸಾಲಾಗಿ ತೂಗುತ್ತಿರುತ್ತವೆ. ಕನ್ನಡದವರು ಗೀಜಗ ಎನ್ನುತ್ತಾರೆ, ಗಡಿಯಾಚೆಯ ತೆಲುಗರು ಗಿಜಿಗಾಡು ಎನ್ನುತ್ತಾರೆ, ಗಣಿ ಲೈನುಗಳ ತಮಿಳರು ತೂಕಣಾಂಗುರುವಿ ಎನ್ನುತ್ತಾರೆ. ಮೂರು ಭಾಷೆಯ ಮಕ್ಕಳೂ ಬಿದ್ದ ಗೂಡನ್ನು ಹೆಕ್ಕಿ ಮನೆಗೆ ತಂದವರೇ.

ಗೀಜಗವನ್ನು ಸರಿಯಾಗಿ ನೋಡಬೇಕಾದರೆ ಸಮುದ್ರ ದಾಟಿ ಇನ್ನೊಂದು ಹಕ್ಕಿಯ ಬಳಿ ಹೋಗಿಬರಬೇಕು ಎಂದು ನನಗೆ ಬಹಳ ದಿನದಿಂದ ಅನ್ನಿಸಿದೆ. ಆ ದಾರಿ ಊರಿಗಾಂನವರಿಗೆ ಅಷ್ಟೇನೂ ಅಪರಿಚಿತವಲ್ಲ. ಗಣಿಯಲ್ಲಿ ದುಡಿದ ಎಷ್ಟೋ ಆಂಗ್ಲೋ ಇಂಡಿಯನ್ ಕುಟುಂಬಗಳು ಆಸ್ಟ್ರೇಲಿಯಾಕ್ಕೆ ಹೋಗಿ ನೆಲೆಸಿದವು. ಸಿಡ್ನಿಯ ಹೊರವಲಯದಲ್ಲಿ, ಬ್ಲೂ ಮೌಂಟನ್ಸ್ ಕಡೆ ಮನೆ ಮಾಡಿದವರ ಹಿತ್ತಲಿನಲ್ಲಿ ಬಟ್ಟೆ ಒಣಹಾಕುವ ನೀಲಿ ಕ್ಲಿಪ್ಪುಗಳು ಒಂದೊಂದಾಗಿ ಕಾಣೆಯಾಗುವುದುಂಟು. ಕದಿಯುವುದು ಸ್ಯಾಟಿನ್ ಬೋವರ್ ಹಕ್ಕಿ.

ಬೋವರ್ ಹಕ್ಕಿಗಳ ಕುಟುಂಬದಲ್ಲಿ ಇಪ್ಪತ್ತಕ್ಕೂ ಹೆಚ್ಚು ಜಾತಿಗಳಿವೆ. ಆಸ್ಟ್ರೇಲಿಯಾ ಮತ್ತು ನ್ಯೂಗಿನಿ ಬಿಟ್ಟರೆ ಭೂಮಿಯ ಮೇಲೆ ಬೇರೆಲ್ಲೂ ಅವಿಲ್ಲ. ಇವುಗಳಲ್ಲಿ ಹೆಚ್ಚಿನ ಜಾತಿಗಳ ಗಂಡು ನೆಲದ ಮೇಲೆ ಕಡ್ಡಿಗಳನ್ನು ನೆಟ್ಟು ಒಂದು ಕಟ್ಟಡ ಎಬ್ಬಿಸುತ್ತದೆ, ಅದರ ಮುಂದೆ ಅಂಗಳ ಮಾಡಿ ಬಣ್ಣಬಣ್ಣದ ವಸ್ತುಗಳನ್ನು ಜೋಡಿಸುತ್ತದೆ. ಅದು ಗೂಡಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಅದರೊಳಗೆ ಮೊಟ್ಟೆ ಇಡುವುದಿಲ್ಲ, ಮರಿ ಬೆಳೆಯುವುದಿಲ್ಲ. ಅದು ಮದುವೆಯ ಚಪ್ಪರ. ಹೆಣ್ಣು ಬಂದು ನೋಡಿ, ಒಪ್ಪಿ, ಕೂಡಿ ಹೊರಟುಹೋಗುತ್ತದೆ. ಆಮೇಲೆ ದೂರದ ಮರದಲ್ಲಿ ಒಂಟಿಯಾಗಿ ಬಟ್ಟಲಿನಾಕಾರದ ಸಾದಾ ಗೂಡು ಕಟ್ಟಿ, ಒಂಟಿಯಾಗಿಯೇ ಕಾವು ಕೂತು ಮರಿ ಸಾಕುತ್ತದೆ. ಗಂಡು ಮತ್ತೆ ಚಪ್ಪರ ಒಪ್ಪ ಮಾಡುತ್ತಾ ಮುಂದಿನ ಹೆಣ್ಣಿಗೆ ಕಾಯುತ್ತದೆ.

ಬಣ್ಣದ ವಿಷಯದಲ್ಲಿ ಈ ಕುಟುಂಬಕ್ಕೆ ಸಾಟಿ ಕಡಿಮೆ. ಸ್ಯಾಟಿನ್ ಬೋವರ್ ಹಕ್ಕಿಯ ಗಂಡು ದೂರಕ್ಕೆ ಕಪ್ಪು, ಬಿಸಿಲು ಬಿದ್ದರೆ ಕಡುನೀಲಿ ಹೊಳಪು, ಕಣ್ಣು ನೇರಳೆ. ಈ ಮೈಬಣ್ಣ ಬರಲು ಅದಕ್ಕೆ ಏಳು ವರ್ಷ ಬೇಕು. ಅಲ್ಲಿಯವರೆಗೆ ಹೆಣ್ಣಿನಂತೆ ಹಸಿರು ಮಿಶ್ರಿತ ಕಂದು ಗರಿಯಲ್ಲೇ ಇದ್ದು, ಹಿರಿಯರ ಚಪ್ಪರಗಳನ್ನು ನೋಡುತ್ತಾ, ತಾನೂ ಒರಟಾಗಿ ಕಡ್ಡಿ ನೆಟ್ಟು ಕಲಿಯುತ್ತದೆ. ಅದು ಹಾಕುವುದು ಎರಡು ಗೋಡೆಯ ಓಣಿ. ಓಣಿಯ ಬಾಯಿಯ ಮುಂದೆ ಗಿಣಿಯ ನೀಲಿ ಗರಿ, ನೀಲಿ ಹೂ, ಬಾಟಲಿ ಮುಚ್ಚಳ, ಪ್ಲಾಸ್ಟಿಕ್ ಕೊಳವೆ ಎಲ್ಲ ಸೇರುತ್ತವೆ. ಅಷ್ಟಕ್ಕೇ ಮುಗಿಯುವುದಿಲ್ಲ. ಹಣ್ಣನ್ನೋ ಸುಟ್ಟ ಕಟ್ಟಿಗೆಯ ಇದ್ದಿಲನ್ನೋ ಜಗಿದು, ಎಂಜಲು ಬೆರೆಸಿ, ಓಣಿಯ ಒಳಗೋಡೆಗೆ ಬಳಿಯುತ್ತದೆ. ಬಳಿಯಲು ಕೆಲವೊಮ್ಮೆ ತೊಗಟೆಯ ನಾರಿನ ಚೂರೊಂದನ್ನು ಕೊಕ್ಕಿನಲ್ಲಿ ಹಿಡಿದುಕೊಂಡಿರುತ್ತದೆ. ಹಕ್ಕಿಯೊಂದು ಸಲಕರಣೆ ಹಿಡಿದು ಗೋಡೆಗೆ ಬಣ್ಣ ಹಚ್ಚುವ ಈ ಸಂಗತಿಯನ್ನು ಓದಿದಾಗಲೆಲ್ಲ ನನಗೆ ಮೈ ನವಿರೇಳುತ್ತದೆ.

ರೀಜೆಂಟ್ ಬೋವರ್ ಹಕ್ಕಿ ಕಪ್ಪು ಮತ್ತು ಬಂಗಾರದ ಹಳದಿ. ನ್ಯೂಗಿನಿಯ ಫ್ಲೇಮ್ ಬೋವರ್ ಹಕ್ಕಿಯ ತಲೆ, ಭುಜ ಕೆಂಡದ ಬಣ್ಣ, ರೆಕ್ಕೆ ಹಳದಿ. ಹೆಣ್ಣಿನೆದುರು ಕುಣಿಯುವಾಗ ಅದು ಕಣ್ಣಿನ ಪಾಪೆಯನ್ನು ಹಿಗ್ಗಿಸಿ ಕುಗ್ಗಿಸುತ್ತದೆ. ಉತ್ತರ ಕ್ವೀನ್ಸ್‌ಲ್ಯಾಂಡಿನ ಬೆಟ್ಟದ ಕಾಡಿನಲ್ಲಿರುವ ಗೋಲ್ಡನ್ ಬೋವರ್ ಹಕ್ಕಿ ಈ ಕುಟುಂಬದಲ್ಲೇ ಚಿಕ್ಕದು, ಆದರೆ ಎರಡು ಗಿಡಗಳ ಸುತ್ತ ಅದು ಪೇರಿಸುವ ಕಡ್ಡಿಯ ಗೋಪುರ ಮನುಷ್ಯನ ಎತ್ತರವನ್ನೂ ಮೀರಬಲ್ಲದು.

ಇವೆಲ್ಲಕ್ಕಿಂತ ಹೆಚ್ಚಾಗಿ ನನ್ನ ಮನಸ್ಸು ನಿಲ್ಲುವುದು ಬಣ್ಣವೇ ಇಲ್ಲದ ಒಂದು ಹಕ್ಕಿಯ ಹತ್ತಿರ. ನ್ಯೂಗಿನಿಯ ಪಶ್ಚಿಮ ತುದಿಯ ವೋಗಲ್‌ಕಾಪ್ ಬೋವರ್ ಹಕ್ಕಿ ಬರೀ ಕಂದು, ಜುಟ್ಟಿಲ್ಲ, ಹೊಳಪಿಲ್ಲ. ಅದು ಒಂದು ಎಳೆ ಗಿಡವನ್ನು ನಡುಗಂಬ ಮಾಡಿಕೊಂಡು ಒಂದು ಮೀಟರ್ ಎತ್ತರ, ಒಂದೂವರೆ ಮೀಟರಿಗೂ ಮೀರಿದ ಅಗಲದ ಗುಡಿಸಲು ಕಟ್ಟುತ್ತದೆ. ಬಾಗಿಲ ಮುಂದೆ ಪಾಚಿಯ ಅಂಗಳ. ಅಂಗಳದಲ್ಲಿ ಕೆಂಪು ಹಣ್ಣು ಒಂದು ಗುಪ್ಪೆ, ಹೂ ಒಂದು ಗುಪ್ಪೆ, ಜೀರುಂಡೆಯ ಹೊಳೆಯುವ ರೆಕ್ಕೆ ಇನ್ನೊಂದು ಗುಪ್ಪೆ. ಇಟಲಿಯ ಸಸ್ಯವಿಜ್ಞಾನಿ ಓಡೋಆರ್ಡೊ ಬೆಕ್ಕಾರಿ 1872ರಲ್ಲಿ ಆರ್ಫಾಕ್ ಬೆಟ್ಟಗಳಲ್ಲಿ ಇಂಥ ಗುಡಿಸಲನ್ನು ಕಂಡು ಬೆರಗಾಗಿ ಅದರ ವಿವರ ಬರೆದರು.

ಮೈಬಣ್ಣ ಹೆಚ್ಚಿದ್ದ ಜಾತಿಗೆ ಚಪ್ಪರ ಸಾದಾ, ಮೈ ಸಾದಾ ಇದ್ದ ಜಾತಿಗೆ ಚಪ್ಪರ ವೈಭವದ್ದು ಎಂಬುದನ್ನು ಗಮನಿಸಿದವರು ಅಮೆರಿಕದ ಪಕ್ಷಿವಿಜ್ಞಾನಿ ಥಾಮಸ್ ಗಿಲಿಯರ್ಡ್. 1956ರಲ್ಲಿ ಅವರು ಒಂದು ವಿಚಾರ ಮುಂದಿಟ್ಟರು: ಹೆಣ್ಣನ್ನು ಸೆಳೆಯುವ ಹೊಣೆ ಗಂಡಿನ ಮೈಯಿಂದ ಅದು ಮಾಡುವ ವಸ್ತುವಿಗೆ ದಾಟುತ್ತಾ ಬಂದಿದೆ. ಬಣ್ಣದ ಗರಿ ಹೊತ್ತ ಹಕ್ಕಿ ಗಿಡುಗದ ಕಣ್ಣಿಗೂ ಬೇಗ ಬೀಳುತ್ತದೆ. ಬಣ್ಣವನ್ನು ಅಂಗಳದಲ್ಲಿಟ್ಟು ತಾನು ಕಂದಾಗಿ ಉಳಿದರೆ ಜೀವಕ್ಕೆ ಕ್ಷೇಮ. ಈ ವಿಚಾರ ಎಲ್ಲ ಜಾತಿಗಳಿಗೂ ಕರಾರುವಾಕ್ಕಾಗಿ ಹೊಂದುವುದಿಲ್ಲ. ಆದರೂ ಅದರಲ್ಲಿರುವ ಒಳನೋಟ ದೊಡ್ಡದು, ಗೀಜಗವನ್ನು ನೋಡುವಾಗಲೂ ನೆರವಿಗೆ ಬರುತ್ತದೆ.

ಗ್ರೇಟ್ ಬೋವರ್ ಹಕ್ಕಿಯ ಕಸುಬು ಇನ್ನೂ ಸೂಕ್ಷ್ಮ. ಅದು ಬಸವನಹುಳುವಿನ ಚಿಪ್ಪು, ಮೂಳೆ, ಕಲ್ಲುಗಳನ್ನು ಅಂಗಳದಲ್ಲಿ ಹರಡುವಾಗ ಸಣ್ಣವನ್ನು ಓಣಿಯ ಹತ್ತಿರ, ದೊಡ್ಡವನ್ನು ದೂರ ಇಡುತ್ತದೆ. ಓಣಿಯೊಳಗೆ ನಿಂತ ಹೆಣ್ಣಿಗೆ ಎಲ್ಲವೂ ಒಂದೇ ಗಾತ್ರದಂತೆ ಕಂಡು, ಅಂಗಳದ ಅಳತೆಯೇ ಬೇರೆಯಾಗಿ ತೋರುತ್ತದೆ. ಜೀವವಿಜ್ಞಾನಿ ಜಾನ್ ಎಂಡ್ಲರ್ ಮತ್ತು ಸಂಗಡಿಗರು ಇದನ್ನು 2010ರಲ್ಲಿ ಪ್ರಕಟಿಸಿದರು. ಅವರು ಕಲ್ಲುಗಳ ಕ್ರಮವನ್ನು ತಿರುವುಮುರುವು ಮಾಡಿಟ್ಟಾಗ ಹಕ್ಕಿಗಳು ಕೆಲವೇ ದಿನಗಳಲ್ಲಿ ಮತ್ತೆ ಮೊದಲಿನಂತೆ ಜೋಡಿಸತೊಡಗಿದವು. ಹೀಗೆ ಕಣ್ಣಿಗೆ ಭ್ರಮೆ ಹುಟ್ಟಿಸುವುದರಲ್ಲಿ ಹೆಚ್ಚು ನಿಪುಣನಾದ ಗಂಡಿಗೆ ಹೆಣ್ಣುಗಳು ಹೆಚ್ಚು ಒಲಿಯುತ್ತವೆ ಎಂದು ಆಮೇಲಿನ ಅಧ್ಯಯನ ತೋರಿಸಿತು.

ಹೆಣ್ಣಿನ ಆಯ್ಕೆಯೇ ಗಂಡನ್ನು ರೂಪಿಸುತ್ತದೆ ಎಂದು ವಾದಿಸಿದ ಡಾರ್ವಿನ್ 1871ರ ತಮ್ಮ ಪುಸ್ತಕದಲ್ಲಿ ಬೋವರ್ ಹಕ್ಕಿಗಳನ್ನು ಸಾಕ್ಷಿಗೆ ಕರೆದಿದ್ದರು. ಭಾರತದಲ್ಲಿ ಅದೇ ಸಾಕ್ಷಿ ಹೇಳಬಲ್ಲ ಹಕ್ಕಿ ಪ್ರತಿ ಊರಿನ ಬಾವಿಯ ಮೇಲೂ ತೂಗುತ್ತಿತ್ತು. ಅದನ್ನು ಬಿಡಿಸಿ ನೋಡಲು 1930 ಬರಬೇಕಾಯಿತು.

ಆ ವರ್ಷ ಪಕ್ಷಿವಿಜ್ಞಾನಿ ಸಲೀಂ ಅಲಿ ಕೈಯಲ್ಲಿ ಕೆಲಸವಿಲ್ಲದೆ ಮುಂಬಯಿ ಬಿಟ್ಟು ಅಲಿಬಾಗ್ ಹತ್ತಿರದ ಕಿಹಿಮ್‌ನಲ್ಲಿದ್ದರು. ಮನೆಯ ಸಮೀಪವೇ ಗೀಜಗದ ಕಾಲೊನಿ. ಮಳೆಗಾಲವಿಡೀ ಕೂತು ನೋಡಿದರು. ಅಲ್ಲಿಯವರೆಗೆ ಗಂಡು ಹೆಣ್ಣು ಕೂಡಿ ಗೂಡು ಕಟ್ಟಿ ಸಂಸಾರ ಮಾಡುತ್ತವೆ ಎಂಬುದೇ ನಂಬಿಕೆ. ಅವರು ಕಂಡದ್ದು ಬೇರೆ. ಗಂಡುಗಳು ಮೊದಲೇ ಬಂದು ಅರ್ಧ ಗೂಡು ಕಟ್ಟಿ ನಿಲ್ಲಿಸುತ್ತವೆ. ಹೆಣ್ಣುಗಳ ಗುಂಪು ಬಂದು ಒಂದೊಂದೇ ಗೂಡು ಹೊಕ್ಕು, ಎಳೆ ಜಗ್ಗಿ, ಕೊಕ್ಕಿನಿಂದ ತಿವಿದು ಪರೀಕ್ಷೆ ಮಾಡುತ್ತವೆ. ಒಂದು ಹೆಣ್ಣು ಒಪ್ಪಿದ ಮೇಲೆ ಆ ಗಂಡು ಉಳಿದ ಭಾಗ ಮುಗಿಸಿಕೊಟ್ಟು, ಪಕ್ಕದ ಗರಿಯಲ್ಲಿ ಎರಡನೆಯ ಗೂಡಿಗೆ ಕೈ ಹಾಕುತ್ತದೆ. ಒಂದು ಹಂಗಾಮಿನಲ್ಲಿ ಹೀಗೆ ಎರಡು ಮೂರು ಸಂಸಾರ. ಇದನ್ನೆಲ್ಲ ವಿವರಿಸಿದ ಅವರ ಲೇಖನ 1931ರಲ್ಲಿ ಪ್ರಕಟವಾಯಿತು. ಸಲೀಂ ಅಲಿಯವರ ಹೆಸರು ಜಗತ್ತಿಗೆ ತಿಳಿದದ್ದು ಮುಂದೆ ಬಂದ ದೊಡ್ಡ ಗ್ರಂಥಗಳಿಂದಾದರೂ, ಅವರ ಕಣ್ಣು ಎಂಥದೆಂದು ತೋರಿಸಿದ್ದು ಈ ಗೀಜಗವೇ. ಇದಾದ ಒಂದು ದಶಕದೊಳಗೆ ಅವರು ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದರು.

ಇನ್ನು ನಮ್ಮ ಬಾವಿಯ ಹತ್ತಿರ ಬರೋಣ. ಬೇತಮಂಗಲದ ದಾರಿಯಲ್ಲಿ ಹೊಲದ ನಡುವೆ ಒಂದು ಪಾಳು ಬಾವಿಯಿದೆ. ಗಣಿ ಊರಿಗೆ ದಶಕಗಳ ಕಾಲ ಕುಡಿಯುವ ನೀರು ಕೊಟ್ಟದ್ದು ಪಾಲಾರ್ ನದಿಯ ಬೇತಮಂಗಲ ಕೆರೆ. ಆ ಕೆರೆಯ ಸುತ್ತಿನ ಬಯಲಿನಲ್ಲಿ ಒಳ್ಳೆ ಮಳೆಯಾದ ವರ್ಷ ಆಳೆತ್ತರದ ಹುಲ್ಲು ಏಳುತ್ತದೆ. ಹುಲ್ಲು ಎದ್ದರೇನೇ ಗೀಜಗಕ್ಕೆ ಕೆಲಸ. ಬೇಸಿಗೆಯಲ್ಲಿ ಹೆಣ್ಣಿನಂತೆಯೇ, ಗುಬ್ಬಚ್ಚಿಯಂತೆಯೇ ಕಾಣುತ್ತಿದ್ದ ಗಂಡಿಗೆ ಮಳೆಗಾಲದಲ್ಲಿ ನೆತ್ತಿ ಬಂಗಾರದ ಹಳದಿಯಾಗುತ್ತದೆ, ಎದೆಯ ಮೇಲೂ ಹಳದಿ ಇಳಿಯುತ್ತದೆ, ಕಣ್ಣಿನ ಸುತ್ತ, ಕೆನ್ನೆ, ಗಂಟಲಿಗೆ ಕಡುಗಂದು ಮುಸುಕು ಬರುತ್ತದೆ. ಇಡೀ ಹಕ್ಕಿ ಹದಿನೈದು ಸೆಂಟಿಮೀಟರ್ ಅಷ್ಟೆ.

ಅದು ಎಳೆ ಸೀಳುವುದನ್ನು ಹತ್ತಿರದಿಂದ ನೋಡಬೇಕು. ಹುಲ್ಲಿನ ಗರಿಯ ಬುಡದ ಹತ್ತಿರ ಕೂತು ಅಂಚಿಗೆ ಕೊಕ್ಕಿನಿಂದ ಒಂದು ಕಚ್ಚು ಹಾಕುತ್ತದೆ. ಕಚ್ಚಿದ ತುದಿಯನ್ನು ಬಿಗಿಯಾಗಿ ಹಿಡಿದು ಮೇಲಕ್ಕೆ ಹಾರುತ್ತದೆ. ಹಾರಿದ ಬಿರುಸಿಗೇ ಗರಿಯ ಅಂಚು ಸರ್ರನೆ ಸೀಳಿ ಉದ್ದಕ್ಕೆ ಬರುತ್ತದೆ. ಒಂದು ಗೇಣಿನಿಂದ ಒಂದು ಮೊಳದವರೆಗಿನ ಹಸಿ ಎಳೆ ಬಾಲದ ಹಿಂದೆ ಗಾಳಿಯಲ್ಲಿ ಅಲೆಯುತ್ತಿರುತ್ತದೆ. ಈಚಲ ಗರಿ, ಭತ್ತ, ಕಬ್ಬಿನ ಎಲೆಗೂ ಇದೇ ಉಪಾಯ. ಒಂದು ಗೂಡಿಗೆ ಇಂಥ ನೂರಾರು ಸುತ್ತು ಬೇಕು.

ಮೊದಲು ಗರಿಯ ತುದಿಗೆ ಎಳೆಗಳನ್ನು ಸುತ್ತಿ ಗಂಟು. ಅದರ ಕೆಳಗೆ ಒಂದು ಬಳೆ. ಬಳೆಯ ಮೇಲೆ ನಿಂತು ಕೊಕ್ಕು ಎಟುಕುವಷ್ಟು ದೂರಕ್ಕೆ ಸುತ್ತಲೂ ನೇಯುತ್ತಾ ಹೋದರೆ ಮಾಡು ಸಿದ್ಧ. ಪಕ್ಷಿವಿಜ್ಞಾನಿಗಳು ಈ ಘಟ್ಟಕ್ಕೆ ಹೆಲ್ಮೆಟ್ ಹಂತ ಎಂದು ಹೆಸರಿಟ್ಟಿದ್ದಾರೆ. ಇಲ್ಲಿಗೆ ಸುಮಾರು ಎಂಟು ದಿನದ ದುಡಿಮೆ. ಇಲ್ಲಿ ಗಂಡು ಕೆಲಸ ನಿಲ್ಲಿಸುತ್ತದೆ. ಬಳೆಗೆ ಜೋತುಬಿದ್ದು ರೆಕ್ಕೆ ಬಡಿಯುತ್ತಾ, ಕಾಲೊನಿಯ ಗಂಡುಗಳೆಲ್ಲ ಒಟ್ಟಿಗೆ ಕೂಗಿಡುತ್ತವೆ. ಹೆಣ್ಣು ಒಪ್ಪಿತೋ, ಒಂದು ಬದಿಗೆ ಮೊಟ್ಟೆಯ ಕೋಣೆ, ಇನ್ನೊಂದು ಬದಿಗೆ ಕೆಳಕ್ಕೆ ಇಳಿಯುವ ಉದ್ದನೆಯ ಕೊಳವೆ ಬಾಗಿಲು. ಒಟ್ಟು ಹದಿನೆಂಟು ದಿನದ ಆಸುಪಾಸಿನಲ್ಲಿ ಮನೆ ಮುಗಿಯುತ್ತದೆ. ಒಪ್ಪದಿದ್ದರೆ ಹೆಲ್ಮೆಟ್ ಹಾಗೆಯೇ ಒಣಗುತ್ತದೆ. ಕೆಲವು ಗಂಡುಗಳು ಅದನ್ನು ತಾವೇ ಕಿತ್ತುಹಾಕಿ ಹೊಸದಕ್ಕೆ ತೊಡಗುತ್ತವೆ. ಮರದ ಕೆಳಗೆ ಬಿದ್ದ ಅರೆಬರೆ ಗೂಡುಗಳಲ್ಲಿ ಎಷ್ಟೋ ಹೀಗೆ ತಿರಸ್ಕಾರಗೊಂಡವು.

ಪೂರ್ತಿಯಾದ ಒಂದು ಒಣಗೂಡನ್ನು ಒಮ್ಮೆ ಎಳೆ ಎಳೆಯಾಗಿ ಬಿಡಿಸಲು ಕೂತೆ. ಬಿಡಿಸುವುದು ನನ್ನ ಹತ್ತು ಬೆರಳಿಗೆ ಆಗಲಿಲ್ಲ, ಕತ್ತರಿ ಬೇಕಾಯಿತು. ಕುಣಿಕೆ, ಅದರೊಳಗೆ ಇನ್ನೊಂದು ಕುಣಿಕೆ, ಎಳೆಯ ತುದಿ ಹಿಂದಕ್ಕೆ ಮಡಿಚಿ ತನ್ನ ಅಡಿಯಲ್ಲೇ ತೂರಿದ ಗಂಟು. ಮಾಡಿನ ಕಡೆ ನೇಯ್ಗೆ ದಪ್ಪ, ನೀರು ಇಳಿಯದಷ್ಟು ಒತ್ತು. ಕೊಳವೆಯ ತುದಿಯಲ್ಲಿ ಬೆಳಕು ಕಾಣುವಷ್ಟು ತೆಳು, ಹಾವಾಗಲಿ ಓತಿಕ್ಯಾತವಾಗಲಿ ಹಿಡಿತ ಸಿಗದೆ ಜಾರುವಂತೆ. ಒಳಗೋಡೆಗೆ ಒಣಗಿದ ಮಣ್ಣಿನ ಉಂಡೆಗಳು ಅಂಟಿದ್ದವು. ಗೀಜಗ ಹಸಿಮಣ್ಣಿಗೆ ಮಿಂಚುಹುಳು ಅಂಟಿಸಿ ದೀಪ ಮಾಡಿಕೊಳ್ಳುತ್ತದೆ ಎಂದು ನಮ್ಮ ಹಿರಿಯರು ಹೇಳುತ್ತಿದ್ದದ್ದು ಈ ಮಣ್ಣನ್ನು ನೋಡಿಯೇ. ನಾನು ಬಿಡಿಸಿದ ಗೂಡಿನಲ್ಲಿ ಮಣ್ಣಷ್ಟೇ ಇತ್ತು. ಹಗುರಾದ ಗೂಡು ಗಾಳಿಗೆ ಹೊಯ್ದಾಡದಿರಲಿ ಎಂದು ಈ ಭಾರ ಎಂಬುದು ಒಂದು ವಿವರಣೆ.

ಮಣ್ಣಿಗೆ ಅಲಂಕಾರ ಹಚ್ಚುವ ಗೀಜಗವೂ ಇದೆ. ಭಾರತದಲ್ಲಿ ಗೀಜಗದ ನಾಲ್ಕು ಜಾತಿಗಳು. ಅವುಗಳಲ್ಲಿ ಉತ್ತರದ ಕಡೆ ಹೆಚ್ಚಾಗಿರುವ, ಎದೆಗೆ ಕಪ್ಪು ಪಟ್ಟಿಯಿರುವ ಗೀಜಗದ ಗಂಡು ಹೆಲ್ಮೆಟ್ ಹಂತದಲ್ಲಿ ಗೂಡಿಗೆ ಬಣ್ಣದ ಹೂವಿನ ಎಸಳುಗಳನ್ನು ಅಂಟಿಸುತ್ತದೆ. ಬೋವರ್ ಹಕ್ಕಿಯ ಅಂಗಳಕ್ಕೂ ಗೀಜಗದ ಗೂಡಿಗೂ ರಕ್ತಸಂಬಂಧ ಏನೂ ಇಲ್ಲ, ಎರಡೂ ಕುಟುಂಬಗಳು ಬೇರೆ, ಖಂಡಗಳು ಬೇರೆ. ಹೆಣ್ಣಿನ ಕಣ್ಣು ಮಾತ್ರ ಎರಡೂ ಕಡೆ ಒಂದೇ ಕೆಲಸ ಮಾಡಿದೆ. ಕಳ್ಳತನವೂ ಎರಡೂ ಕಡೆ ಸಮಾನ: ಅಲ್ಲಿ ಗಂಡುಗಳು ಪಕ್ಕದವನ ನೀಲಿ ಗರಿ ಕದ್ದು ಚಪ್ಪರ ಕೆಡವುತ್ತವೆ, ಇಲ್ಲಿ ಪಕ್ಕದ ಗೂಡಿನ ಹಸಿ ಎಳೆ ಕಿತ್ತುಕೊಂಡು ಬರುತ್ತವೆ.

ಹೀಗಿದ್ದೂ ನನ್ನ ಮತ ಗೀಜಗಕ್ಕೇ. ಚಪ್ಪರ ಕಣ್ಣಿಗೆ ಹಬ್ಬ, ಆದರೆ ಅದರಿಂದ ಮರಿಗೆ ನೆರಳಿಲ್ಲ. ಗೀಜಗದ ಹೆಣ್ಣು ಪರೀಕ್ಷೆ ಮಾಡುವುದು ತನ್ನ ಮೊಟ್ಟೆ ಎರಡು ವಾರ ಕಾವು ಪಡೆಯುವ, ಮರಿಗಳು ಸುಮಾರು ಹದಿನೇಳು ದಿನ ಬೆಳೆಯುವ ಜಾಗವನ್ನು. ಆದ್ದರಿಂದ ಅದರ ಆಯ್ಕೆಯಲ್ಲಿ ಅಂದದಷ್ಟೇ ವಿವೇಕವೂ ಇದೆ. ಜೀವವಿಜ್ಞಾನಿ ಸುಹೇಲ್ ಕ್ವಾಡರ್ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದು ಇನ್ನೂ ಸ್ಪಷ್ಟವಾಯಿತು: ನೇಯ್ಗೆಯ ಕುಸುರಿಗಿಂತ ಗೂಡು ಎಲ್ಲಿ ತೂಗುತ್ತಿದೆ ಎಂಬುದೇ ಹೆಣ್ಣಿಗೆ ಮುಖ್ಯ. ಮುಳ್ಳಿನ ಮರವೋ, ಎತ್ತರವೋ, ಕೆಳಗೆ ನೀರಿದೆಯೋ. ಬಾವಿಯ ಮೇಲಕ್ಕೆ ಬಾಗಿದ ಈಚಲ ಮರದಲ್ಲಿ ಈ ಮೂರೂ ಒಟ್ಟಿಗೆ ಸಿಗುತ್ತವೆ. ಆಷಾಢದ ಪಡುವಣ ಗಾಳಿ ನೇರ ಬಡಿಯದ ಪೂರ್ವದ ಮಗ್ಗುಲನ್ನು ಗೀಜಗಗಳು ಹೆಚ್ಚಾಗಿ ಹಿಡಿಯುವುದೂ ಇದೇ ಲೆಕ್ಕಾಚಾರದಿಂದ.

ಸೈಟು, ಸ್ಥಳ ಇಷ್ಟು ಮುಖ್ಯವಾದ ಹಕ್ಕಿಗೆ ಬಂಗಾರಪೇಟೆ ಸೀಮೆಯಲ್ಲಿ ಈಗ ಕಡಿಮೆಯಾಗುತ್ತಿರುವುದೂ ಸ್ಥಳವೇ. ಕೊಳವೆಬಾವಿ ಬಂದ ಮೇಲೆ ತೆರೆದ ಬಾವಿಗಳು ಬತ್ತಿ ಕಸದ ಗುಂಡಿಗಳಾದವು, ಕೆಲವನ್ನು ಮುಚ್ಚಿ ಬಡಾವಣೆ ಮಾಡಿದರು. ಚಾಪೆ, ಪೊರಕೆ, ಬುಟ್ಟಿಗೆ ಈಚಲು ಬೇಕಾಗಿದ್ದ ಕಾಲದಲ್ಲಿ ಮರಕ್ಕೊಂದು ಮರ್ಯಾದೆ ಇತ್ತು. ಈಗ ರಸ್ತೆ ಅಗಲಿಸುವಾಗ ಮೊದಲು ಉರುಳುವುದು ಅದೇ. ರಾಗಿ, ನವಣೆ, ಸಾಮೆ ಬೆಳೆಯುತ್ತಿದ್ದ ಹೊಲಗಳಿಗೆ ನೀಲಗಿರಿ ಬಂತು. ಸರ್ಕಾರ 2017ರಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿದ್ದು ಒಳ್ಳೆಯದಾಯಿತು. ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು 2018ರಿಂದ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಯುತ್ತಿದೆ. ನೀರು ನಿಂತ ಕೆರೆಯ ಅಂಚಿಗೆ ಜೊಂಡು ಬರುತ್ತದೆ. ಎದೆಯ ಮೇಲೆ ಗೀರುಗಳಿರುವ ಇನ್ನೊಂದು ಜಾತಿಯ ಗೀಜಗಕ್ಕೆ ಜೊಂಡೇ ಮನೆ ಕಟ್ಟುವ ತಾಣ. ಹೂಳೆತ್ತುವ ನೆಪದಲ್ಲಿ ಕೆರೆಯನ್ನು ಸುತ್ತಲೂ ಕಲ್ಲು ಕಟ್ಟಿ ಬೋಳು ಮಾಡದೆ, ನೀರು ಬರುವ ಕಡೆ ಒಂದಿಷ್ಟು ಜೊಂಡು, ಹುಲ್ಲು ಬಿಡಲು ಪಂಚಾಯಿತಿಗಳಿಗೆ ಖರ್ಚೇನೂ ಇಲ್ಲ.

ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿತು. ಅದಾದ ಮೇಲೆ ಊರಿಗಾಂ ಎಂದರೆ ಪಾಳು, ಧೂಳು ಎಂದು ಬರೆಯುವವರೇ ಹೆಚ್ಚು. ಆ ನೋವು ನಿಜ. ಅದರ ಪಕ್ಕದಲ್ಲೇ, ಯಾರ ಕಂಪನಿಯೂ ಇಲ್ಲದೆ, ಪ್ರತಿ ಮಳೆಗಾಲ ನೂರಾರು ಕುಶಲಕರ್ಮಿಗಳು ಕೆಲಸಕ್ಕೆ ಹಾಜರಾಗುತ್ತಿರುವುದೂ ನಿಜ. ಇಲ್ಲಿನ ಶಾಲೆಗಳ ಮೇಷ್ಟ್ರುಗಳು ಮಕ್ಕಳನ್ನು ಒಂದು ಬೆಳಗ್ಗೆ ಬಾವಿಯ ಹತ್ತಿರ ಕರೆದೊಯ್ದು, ದೂರದಲ್ಲಿ ಕೂರಿಸಿ, ಯಾವ ಹೆಣ್ಣು ಯಾವ ಗೂಡು ಹೊಕ್ಕಿತು ಎಂದು ಬರೆದುಕೊಳ್ಳಲು ಹೇಳಿದರೆ ಸಾಕು. ಸಲೀಂ ಅಲಿ ಮಾಡಿದ್ದೂ ಅದನ್ನೇ.

ಒಂದು ಮಾತು ಮನೆಗೆ ತೋರಣದಂತೆ ಗೂಡು ಕಟ್ಟುವವರಿಗೆ. ಮಳೆಗಾಲದಲ್ಲಿ ಗರಿಸಮೇತ ಗೂಡು ಕೊಯ್ದು ತಂದು ಹಜಾರದಲ್ಲಿ ತೂಗುಹಾಕುವುದು, ರಸ್ತೆಬದಿಯಲ್ಲಿ ಮಾರುವುದು ಇನ್ನೂ ನಿಂತಿಲ್ಲ. ಅದರೊಳಗೆ ಮೊಟ್ಟೆ ಇರಬಹುದು, ಕಣ್ಣು ಬಿಡದ ಮರಿ ಇರಬಹುದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಹಕ್ಕಿಯ ಗೂಡಿಗೆ, ಮೊಟ್ಟೆಗೆ ತೊಂದರೆ ಕೊಡುವುದೂ ಬೇಟೆಯೇ. ಹಂಗಾಮು ಮುಗಿದ ಮೇಲೂ ಮರದ ಮೇಲಿರುವ ಗೂಡಿಗೆ ಕೈ ಹಾಕಬೇಡಿ, ಬಿಳಿಗಂಟಲಿನ ಮುನಿಯಗಳು ಅದರಲ್ಲಿ ಬಾಡಿಗೆಯಿಲ್ಲದೆ ಸಂಸಾರ ಹೂಡುತ್ತವೆ. ಗೂಡು ಬೇಕೇಬೇಕಿದ್ದರೆ ಸಂಕ್ರಾಂತಿಯವರೆಗೆ ಕಾದು, ಗಾಳಿಗೆ ಉದುರಿ ನೆಲಕ್ಕೆ ಬಿದ್ದದ್ದನ್ನು ಆಯ್ದುಕೊಳ್ಳಿ.